ಥಂಡಿ ಕುಡಿದ ಸಸಿಗಳು

ಅಥವಾ ಅದು ಬರೀ ಇಬ್ಬನಿಯಾಗಿತ್ತೇನೋ. ಎಲೆಗಳ ಮೇಲೆ ಹಿಮದ ಬಿಳಿ ಪದರ ಕಂಡೆ ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಔರಾದದ ಕಡೆ ಅಷ್ಟು ಚಳಿ ಬೀಳುತ್ತದೆಯೇ ಎಂದು ಯಾರಾದರೂ ಕೇಳಿದರೆ ಗಟ್ಟಿಯಾಗಿ ಹೌದೆನ್ನಲಾರೆ. ಸಸಿಗಳು ಸತ್ತದ್ದು ಮಾತ್ರ ನಿಜ.

ಮಳೆ ಕೈಕೊಟ್ಟ ಎರಡನೆಯ ವರ್ಷ. ಊರಿನ ಬಹಳಷ್ಟು ಜನ ಭಾಲ್ಕಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ದುಡಿಯಲು ಹೋಗಿದ್ದರು. ನನ್ನ ಸೋದರತ್ತೆ ಹೊರಟಿರಲಿಲ್ಲ. ಬಾವಿಯಲ್ಲಿ ಉಳಿದಿದ್ದ ನೀರಿಗೆ ತಕ್ಕಷ್ಟು ಪತ್ತಾಗೋಬಿ, ಅಂದರೆ ಎಲೆಕೋಸಿನ, ಸಸಿಗಳನ್ನು ಎರಡು ಹಳೆಯ ಬುಟ್ಟಿಗಳಲ್ಲಿ ಎಬ್ಬಿಸಿದ್ದಳು. ಅವು ಬದುಕಿದರೆ ಅವಳೂ ಅವಳ ಗಂಡ, ನನ್ನ ಮಾಮನೂ ಊರಲ್ಲೇ. ಇಲ್ಲವಾದರೆ ಅವರಿಗೂ ರೈಲು.

ಬೀದರಿನ ಕಾಲೇಜಿನಿಂದ ರಜೆಗೆ ಹೋಗಿದ್ದ ನನಗೆ, ಅಂಗಳದ ಚಳಿಯಲ್ಲಿ ಬಿಟ್ಟಿದ್ದ ಸಸಿಗಳನ್ನು ಕಂಡು ಕನಿಕರವಾಯಿತು. ಒಳಗಿಡೋಣ ಎಂದೆ.

“ಹೊರಗೇ ಇರ್ಲಿ. ಥಂಡಿ ಕುಡೀಲಿ, ಗಟ್ಟಿ ಆಗ್ತಾವ.”

“ಥಂಡಿ ಕುಡದ್ರ ನೆಗಡಿ ಬರ್ತದ, ಅತ್ತಿ.”

“ನಿನಗ ಬರ್ತದ. ಅವಕ್ಕ ಮೂಗು ಎಲ್ಲದ?”

ನಾನು ಬಿಡಲಿಲ್ಲ. ವಿಜ್ಞಾನ ಓದುವವಳು ನಾನು ಎಂದೂ ಹೇಳಿರಬೇಕು. ಕೊನೆಗೆ ಒಂದು ಬುಟ್ಟಿಯನ್ನು ನನಗೆ ಬಿಟ್ಟುಕೊಟ್ಟಳು. ಅದನ್ನು ಎಂಟು ಹತ್ತು ದಿನ ಒಲೆಯ ಹತ್ತಿರ ಬೆಚ್ಚಗಿಟ್ಟೆ. ಆಮೇಲೆ ಎರಡೂ ಬುಟ್ಟಿಯ ಸಸಿಗಳನ್ನು ಒಂದೇ ದಿನ ಮಡಿಗಳಲ್ಲಿ ನೆಟ್ಟೆವು.

ಮೂರನೆಯ ಬೆಳಿಗ್ಗೆಯೇ ಆ ಬಿಳಿ ಪದರ, ಅದು ಹಿಮವೋ ಇಬ್ಬನಿಯೋ. ಅತ್ತೆಯ ಸಸಿಗಳು ನೆಲಕ್ಕೊರಗಿದ್ದವು, ಬಿಸಿಲೇರಿದಂತೆ ಎದ್ದು ನಿಂತವು. ನನ್ನವು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಅಲ್ಲೇ ಉಳಿದವು.

ಅತ್ತೆ ಬೈಯಲಿಲ್ಲ. “ಅರ್ಧ ಮಡಿ ನೋಡ್ಲಿಕ್ಕ ಇಬ್ಬರು ಯಾಕ?” ಎಂದು ಮಾಮನನ್ನು ಊರಲ್ಲಿ ಬಿಟ್ಟು, ತಾನು ಹೈದರಾಬಾದಿನ ರೈಲು ಹಿಡಿಯಲು ಭಾಲ್ಕಿಯ ಬಸ್ಸು ಹತ್ತಿದಳು.

ನನ್ನವೇ ಏಕೆ ಸತ್ತವು ಎಂಬುದಕ್ಕೆ ಮರುವರ್ಷ ತರಗತಿಯಲ್ಲಿ ಉತ್ತರ ಸಿಕ್ಕಿತು. ಕೆಲವು ದಿನ ತಂಪು ತಾಗಿದರೆ ಇಂಥ ಗಿಡಗಳ ಜೀವಕೋಶಗಳು ಹೊಸ ಪ್ರೋಟೀನುಗಳನ್ನು ಮಾಡಿಕೊಳ್ಳುತ್ತವೆ. ಕೋಶದ ಸುತ್ತಲಿನ ನೀರು ಹೆಪ್ಪುಗಟ್ಟಿ ಒಳಗಿನ ನೀರನ್ನು ಎಳೆದುಕೊಳ್ಳುವಾಗ, ಕೋಶದ ಪೊರೆ ಹರಿಯದಂತೆ ಅವು ಕಾಯುತ್ತವೆ. ಬೆಚ್ಚಗಿದ್ದ ಸಸಿಗೆ ಆ ಸಿದ್ಧತೆ ಇರುವುದಿಲ್ಲ. ಹೀಗೆ ಬರೆದುಕೊಂಡ ನೆನಪು. ಆ ನೋಟ್‌ಬುಕ್ ಈಗಿಲ್ಲ. ಅಥವಾ ನನ್ನ ಸಸಿಗಳು ಒಲೆಯ ಹೊಗೆಗೆ, ಬೆಳಕಿಲ್ಲದೆ ಮೊದಲೇ ಸೊರಗಿದ್ದವೋ ಏನೋ.

ಅತ್ತೆಗೆ ಇದೆಲ್ಲ ಗೊತ್ತಿತ್ತು, ಅವಳದೇ ಮಾತಿನಲ್ಲಿ. ಹಾಗಿದ್ದೂ ಆ ಬುಟ್ಟಿಯನ್ನು ನನಗೇಕೆ ಕೊಟ್ಟಳು? ಅವಳು ಬದುಕಿದ್ದಾಗ ನಾನು ಕೇಳಲಿಲ್ಲ.