ಗೈರುಹಾಜರಾದ ನಾಗರಿಕಳು

ಮಗುವಿನದು ಒಣಕೆಮ್ಮೋ ಕಫದ ಕೆಮ್ಮೋ ಎಂದು ಜೋರ್ನಿತ್ಸಾ ಹದಿನೇಳು ದಿನಗಳಿಂದ ಕಿವಿಗೊಟ್ಟು ಕೇಳುತ್ತಲೇ ಇದ್ದಳು. ಡಾಕ್ಟರಮ್ಮ ಮೂರು ಸಲ ನೋಡಿ "ಚಳಿಗಾಲ ಅಲ್ವಾ, ಹೋಗುತ್ತೆ" ಅಂದಿದ್ದರು. ಶನಿವಾರ ಭಾನುವಾರ ಮನೆಯಲ್ಲಿದ್ದಾಗ ಇಳಿಯುವ ಕೆಮ್ಮು ಸೋಮವಾರ ಶಿಶುವಿಹಾರಕ್ಕೆ ಹೋಗಿ ಬಂದಕೂಡಲೇ ಯಾಕೆ ಏರುತ್ತದೆ? ನಾಲ್ಕು ವರ್ಷದ ನೆವೆನಾಳನ್ನು ಕರೆತರಲು ಹೋದಾಗಲೆಲ್ಲ ಅವಳು ಅಲ್ಲಿನ ಕಿಟಕಿಯ ಅಂಚಿಗೆ ಬೆರಳೊರೆಸಿ ನೋಡುವಳು. ಬೆರಳು ಕಪ್ಪಾಗುತ್ತಿತ್ತು. ಬಡಾವಣೆಯ ಮನೆಗಳಿಗೆಲ್ಲ ಬಿಸಿನೀರು ಕಳಿಸುವ ಘಟಕದ ಚಿಮಣಿ ಕಾಂಪೌಂಡಿನ ಆಚೆಗೇ ಇತ್ತು.

ಡ್ಯಾನ್ಯೂಬ್ ದಂಡೆಯ ಆ ಬಲ್ಗೇರಿಯಾದ ಊರಿನಲ್ಲಿ ಗಾಳಿಯ ಮಾಲಿನ್ಯ ಅಳೆಯುವ ಕೆಲಸ ಪರಿಸರ ಕಚೇರಿಯದು. ಡಿಸೆಂಬರಿನಲ್ಲಿ, ಇದೇ ಕೆಮ್ಮು ಮೊದಲ ಸಲ ಬಂದಾಗ, ಅವಳು ಅಲ್ಲಿಗೆ ಹೆಸರು ಹಾಕದೆ ಒಂದು ಅರ್ಜಿ ಕಳಿಸಿದ್ದಳು. ಒಂದು ಸಾಲಿನ ಉತ್ತರ ಶಿಶುವಿಹಾರದ ಬಾಗಿಲಿಗೆ ಅಂಟಿತು: 'ಅಳತೆಗಳೆಲ್ಲ ಮಿತಿಯೊಳಗಿವೆ.' ಅದನ್ನು ಟೈಪ್ ಮಾಡಿದವಳು ಅವಳ ಅತ್ತೆ ಗಿಂಕಾ. ಇಪ್ಪತ್ತೊಂಬತ್ತು ವರ್ಷದಿಂದ ಆ ಕಚೇರಿಯ ಗುಮಾಸ್ತೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಗಂಡ ಲಾರಿ ಓಡಿಸುತ್ತ ತಿಂಗಳಲ್ಲಿ ಮೂರು ವಾರ ಜರ್ಮನಿಯ ರಸ್ತೆಗಳಲ್ಲೇ ಇರುತ್ತಿದ್ದುದರಿಂದ ಅತ್ತೆ ಸೊಸೆ ಇಬ್ಬರೇ ದಿನಾ ಎದುರುಬದುರು ಕೂತು ಉಣ್ಣಬೇಕು.

"ಅದನ್ನ ಟೈಪ್ ಮಾಡೋವಾಗ ಮೊಮ್ಮಗಳ ಕೆಮ್ಮು ನೆನಪಾಗ್ಲಿಲ್ವಾ ಅತ್ತೆ?"

"ಡೈರೆಕ್ಟರ್ ಹೇಳ್ತಾನೆ, ನಾನು ಕುಟ್ತೀನಿ. ಸುಳ್ಳೂ ಅಲ್ಲ ಕಣೇ. ಗಾಳಿ ಅಳೆಯೋ ನಮ್ಮ ಗಾಡಿ ಅಲ್ಲಿಗೆ ಹೋದ ದಿನ ಎಲ್ಲ ಮಿತಿಯೊಳಗೇ ಇರುತ್ತೆ."

"ಮಿಕ್ಕ ದಿನ?"

ಗಿಂಕಾ ಬೀನ್ಸ್ ಸೂಪಿನ ಮೇಲೆ ಒಣ ಪುದೀನ ಉದುರಿಸಿದಳು. "ಆರೋಗುತ್ತೆ, ಉಣ್ಣು."

ಜೋರ್ನಿತ್ಸಾ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸುತ್ತಿದ್ದಳು. ಪುಸ್ತಕ ತೆರೆದರೆ ಹನ್ನೊಂದನೇ ತರಗತಿ ತೂಕಡಿಸುತ್ತದೆಂದು ಅವಳೇ ಒಂದು ಆಟ ಕಟ್ಟಿದ್ದಳು. ತರಗತಿಯ ಅರ್ಧ ಭಾಗ ಸಂಸತ್ತಿನ ಸಮಿತಿ, ಇನ್ನರ್ಧ ಪರಿಸರ ಕಚೇರಿ. ಸಮಿತಿಯವರು ಕಚೇರಿಯನ್ನು ಪ್ರಶ್ನೆ ಕೇಳಬಹುದು, ಅನುದಾನ ಕತ್ತರಿಸಬಹುದು, ನಿರ್ದೇಶಕರನ್ನು ಎದುರು ನಿಲ್ಲಿಸಬಹುದು. ನಿಜವಾದ ಅಳತೆ ಅಂಟಿಸಿದ ಲಕೋಟೆಯೊಳಗೆ. ಪಾತ್ರ ಹಂಚುವ ಚೀಟಿಗಳಲ್ಲಿ ಒಂದೇ ಒಂದು ಎರಡೂ ಕಡೆಗೆ ಸೇರದ್ದು: 'ಚಿಮಣಿಯ ಪಕ್ಕದ ಮನೆಯವಳು'. ಹಿಂದಿನ ವಾರ ಚೀಟಿ ಎತ್ತಿದಾಗ ಅದು ರಲಿತ್ಸಾ ಎಂಬ ಹುಡುಗಿಯ ಪಾಲಿಗೆ ಬಂದಿತ್ತು.

ಆ ಗುರುವಾರ ಆಟ ಬೆಣ್ಣೆಯಂತೆ ಸಾಗಿತು. ನಾಲ್ಕು ಸುತ್ತಲ್ಲೂ ಜಗಳವಿಲ್ಲ. ಅಪ್ಪನ ಟೈ ಕಟ್ಟಿಕೊಂಡು ಬಂದಿದ್ದ ಸಮಿತಿ ಅಧ್ಯಕ್ಷ ಕಲೋಯಾನ್ ಪ್ರತಿ ಸುತ್ತಿಗೂ ಮೇಜು ಕುಟ್ಟಿದ, ನಿರ್ದೇಶಕಿ ತೆಯಾ ಎದ್ದು ನಿಂತು ವರದಿ ಓದಿದಳು. ಕೊನೆಗೆ ಜೋರ್ನಿತ್ಸಾ ಲಕೋಟೆ ಹರಿದಳು. ನಾಲ್ಕು ಸುತ್ತಿನಲ್ಲೂ ಗಾಳಿ ಕೆಟ್ಟಿತ್ತು.

"ನಾವು ಕೇಳಿದ್ವಲ್ಲ ಮೇಡಂ!" ಕಲೋಯಾನ್ ಕೂಗಿದ.

"ಏನಂತ ಕೇಳ್ದೆ?"

"ಎಲ್ಲಾ ಸರಿ ಇದೆಯಾ ಅಂತ."

"ಸರಿ ಇದೆ ಅಂದ್ವಿ," ಎಂದಳು ತೆಯಾ. "ನೀನು ಅನುದಾನ ಬೇರೆ ಜಾಸ್ತಿ ಮಾಡ್ದೆ. ಥ್ಯಾಂಕ್ಸ್ ಕಣೋ, ಟೈ ಸಾಹೇಬ."

ತರಗತಿ ಹೋ ಎಂದು ನಕ್ಕಿತು. ಕಲೋಯಾನನ ಕಿವಿ ಕೆಂಪಾಯಿತು. "ಒಬ್ರಾದ್ರೂ ಬಂದು ದೂರು ಹೇಳಿದ್ರೆ ಇವಳ ಬೆವರಿಳಿಸ್ತಿದ್ದೆ ಮೇಡಂ. ಊರಲ್ಲಿ ಯಾರೂ ಬಾಯೇ ಬಿಡ್ಲಿಲ್ಲ, ನಾನೇನು ಕನಸು ಕಾಣ್ಲಾ?"

ಆಗ ಜೋರ್ನಿತ್ಸಾಳ ಕಣ್ಣು ಹಾಜರಿ ಪುಸ್ತಕದ ಮೇಲೆ ಬಿತ್ತು. ಚಿಮಣಿಯ ಪಕ್ಕದ ಮನೆಯವಳಾಗಬೇಕಿದ್ದ ರಲಿತ್ಸಾ ಗೈರು. ಬೆಳಿಗ್ಗೆ ತಾನೇ ಗುರುತು ಹಾಕಿದ್ದಳು. ಒಂದು ಗಂಟೆ ಆಟ ನಡೆದರೂ ಆ ಹುಡುಗಿ ಇಲ್ಲವೆಂದು ಯಾರಿಗೂ ಅನ್ನಿಸಿರಲಿಲ್ಲ, ಆಟ ಕಟ್ಟಿದವಳಿಗೂ.

ಮರುದಿನ ಸಂಜೆ ಊಟಕ್ಕೆ ಕೂತಾಗ ಅವಳು ಮೆಲ್ಲಗೆ ಹೇಳಿದಳು: "ಸೋಮವಾರ ನಮ್ಮ ಸಂಸದರು ಊರಿಗೆ ಬಂದು ಜನರನ್ನ ನೋಡ್ತಾರೆ. ಫೋನ್ ಮಾಡೋಣಾಂತಿದೀನಿ."

ಗಿಂಕಾಳ ಚಮಚ ನಿಂತಿತು. "ಮಾಡು. ಸೋಫಿಯಾದ ಸಂಸತ್ತಲ್ಲಿ ಶುಕ್ರವಾರ ಪ್ರಶ್ನೆ ಎದ್ರೆ ಮಂತ್ರಿ ನಮ್ಮ ಡೈರೆಕ್ಟರನ್ನ ಹುರಿದು ಮುಕ್ತಾನೆ. ಡೈರೆಕ್ಟರ್ ಯಾರ ಕಡೆ ಬೆರಳು ತೋರಿಸ್ತಾನೆ? ಕಾಗದದ ಮೂಲೇಲಿ ಟೈಪ್ ಮಾಡಿದೋಳ ಹೆಸರಿರುತ್ತೆ. ಇನ್ನು ಹದಿನಾಲ್ಕು ತಿಂಗಳು ಕಣೇ! ಅಷ್ಟೂ ತಡೆಯಕ್ಕಾಗಲ್ವಾ ನಿಂಗೆ?"

ಒಳಗಿನ ಕೋಣೆಯಿಂದ ಕೆಮ್ಮು ಕೇಳಿಸಿತು. ಇಬ್ಬರೂ ಕಿವಿಗೊಟ್ಟು ಆಲಿಸಿದರು, ಒಣದೋ ಕಫದ್ದೋ ಎಂದು. ಗಿಂಕಾ ಎದ್ದು ಜೇನು ಬೆರೆಸಿದ ಲಿಂಡೆನ್ ಹೂವಿನ ಕಷಾಯ ತೆಗೆದುಕೊಂಡು ಒಳಗೆ ಹೋದಳು. ಎಷ್ಟೋ ಹೊತ್ತು ಅಲ್ಲೇ ಇದ್ದಳು. ಹೊರಬಂದವಳು ಸೊಸೆಯ ಮುಖ ನೋಡದೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು.

"ಗಾಳಿ ಹೇಗಿದೆ ಅಂತ ಕೇಳ್ಬೇಡ. ಚೆನ್ನಾಗಿದೆ ಅಂತೀವಿ. ಅಳತೆ ಗಾಡಿ ಯಾವ್ಯಾವ ತಾರೀಕು ಬಂತು, ಆ ತಾರೀಕು ಘಟಕದಲ್ಲಿ ಏನು ಉರೀತಿತ್ತು? ಸಂಸದರ ಕೈಲಿ ಎರಡನ್ನೂ ಒಂದೇ ಕಾಗದದಲ್ಲಿ ಕೇಳಿಸು."

"ಏನು ಉರೀತಿತ್ತು ಅತ್ತೆ?"

"ಗ್ಯಾಸು. ಗಾಡಿ ಬರೋ ತಾರೀಕಿನ ಪಟ್ಟಿ ಜನವರೀಲೇ ಘಟಕದವರಿಗೂ ಹೋಗುತ್ತೆ. ಮಿಕ್ಕ ದಿನವೆಲ್ಲ ಕಲ್ಲಿದ್ದಲು." ತಟ್ಟೆ ತೊಟ್ಟಿಗಿಟ್ಟು ನಲ್ಲಿ ತಿರುಗಿಸಿದಳು. "ಹೆಸರು ಹಾಕಿಯೇ ಕೊಡು. ಹೆಸರಿಲ್ಲದ್ದು ಎಲ್ಲಿಗೆ ಹೋಗುತ್ತೇಂತ ನೋಡಿದೀಯಲ್ಲ."

ಮನೆತನದ ಹೆಸರು ಇಬ್ಬರದೂ ಒಂದೇ.

ಸೋಮವಾರ ಎರಡನೇ ಪೀರಿಯಡ್ ಮುಗಿದ ಮೇಲೆ ಜೋರ್ನಿತ್ಸಾ ಉಪಾಧ್ಯಾಯರ ಕೋಣೆಯ ಕಿಟಕಿಯ ಬಳಿ ನಿಂತು ನಂಬರ್ ಒತ್ತಿದಳು. ಎರಡು ಸಲ ಒತ್ತಿ ಕಡಿದಳು. ಮೂರನೇ ಸಲ ಅತ್ತಲಿಂದ ಹೆಂಗಸೊಬ್ಬಳು ಎತ್ತಿಕೊಂಡಳು.

"ಸಂಸದರ ಕಚೇರಿ. ಯಾರು ಮಾತಾಡ್ತಿರೋದು?"

"ಜೋರ್ನಿತ್ಸಾ ಕರಾಬೆಲೋವಾ."

"ಪರಿಸರ ಕಚೇರೀಲಿ ಒಬ್ರು ಕರಾಬೆಲೋವಾ ಇದಾರಲ್ಲ, ಅವ್ರು ನಿಮ್ಗೆ ಏನಾಗ್ಬೇಕು?"

"ಅತ್ತೆ," ಎಂದಳು ಜೋರ್ನಿತ್ಸಾ. "ಪೆನ್ ಇದೆಯಾ? ಬರ್ಕೊಳ್ಳಿ."