ದೊರಸಾಮಿಯ ಬಾನೆಟ್ ಪರೀಕ್ಷೆ

ದೊರಸಾಮಿಗೆ ಯಾರೂ ಟೋಪಿ ಹಾಕಲಾರರು ಎಂಬುದು ಡರ್ಬನ್ ನಗರದ ಚಾಟ್ಸ್‌ವರ್ತ್‌ನ ಅವನ ಬೀದಿಗೆಲ್ಲ ಗೊತ್ತಿತ್ತು. ಗೊತ್ತಿರದೆ ಏನು, ಹೇಳಿಕೊಂಡು ತಿರುಗಿದವನು ಅವನೇ ತಾನೆ! ಮಾಂಸದಂಗಡಿಯಲ್ಲಿ ಅವನು ತಕ್ಕಡಿಯನ್ನು ನೋಡುತ್ತಿರಲಿಲ್ಲ, ಅಂಗಡಿಯವನ ಹೆಬ್ಬೆರಳನ್ನು ನೋಡುತ್ತಿದ್ದ. ಬ್ರೆಡ್ಡಿನ ಒಡಲು ಕೊರೆದು ಸಾರು ತುಂಬಿಕೊಡುವ ‘ಬನ್ನಿ’ ಎಂಬ ತಿಂಡಿ ಕೊಂಡರೆ ಮೇಲಿನ ಬ್ರೆಡ್ಡಿನ ಮುಚ್ಚಳ ಎತ್ತಿ, ಬೀನ್ಸ್ ಸಾರು ತಳದವರೆಗೂ ಇಳಿದಿದೆಯೋ ಮೇಲೆ ಮಾತ್ರ ಸುರಿದಿದ್ದಾರೋ ಎಂದು ಬೆರಳು ಹಾಕಿ ನೋಡಿಯೇ ಅಂಗಡಿ ಬಿಡುತ್ತಿದ್ದ. ಡರ್ಬನ್ನಿನ ಬಸ್ಸು ಓಡಿಸಿ ಓಡಿಸಿ ಈ ಗುಣ ಬಂತು ಎಂದು ಹೆಂಡತಿ ಅಂಬಿಗೈ ಹೇಳುತ್ತಿದ್ದಳು. ಮದುವೆಯ ಮಾತುಕತೆಗೆ ಬಂದ ದಿನವೇ ಇತ್ತು ಎಂದು ಅವಳ ಅಣ್ಣಂದಿರು ಹೇಳುತ್ತಿದ್ದರು.

ಆದರೆ ಮಗಳು ಲೋಶಿನಿಯ ಕಾರಿನ ವಿಷಯದಲ್ಲಿ ಅವನ ಅನುಮಾನಕ್ಕೆ ಯಾರೂ ನಗುತ್ತಿರಲಿಲ್ಲ. ವಾರವಿಡೀ ಔಷಧಿ ಅಂಗಡಿಯಲ್ಲಿ ಮೆತ್ತಗೆ ಮಾತಾಡುತ್ತ ಮಾತ್ರೆ ಕೊಡುವ ಹುಡುಗಿ, ಭಾನುವಾರ ಬಂತೆಂದರೆ ತನ್ನ ಹಳೆಯ ‘ಗಾಲ್ಫ್’ ಮಾದರಿಯ ಕಾರನ್ನು ಓಟದ ಪಟ್ಟಿಗೆ, ಅಂದರೆ ರೇಸಿನ ಟ್ರ್ಯಾಕಿಗೆ, ಒಯ್ಯುತ್ತಿದ್ದಳು. ಎರಡು ಕಾರು ಪಕ್ಕಪಕ್ಕ ನಿಲ್ಲುವುದು, ಹಸಿರು ದೀಪ ಹತ್ತಿದ ಕೂಡಲೇ ನೇರ ದಾರಿಯಲ್ಲಿ ಕಾಲು ಮೈಲಿ, ಅಷ್ಟೇ ಆಟ. ಹೋದ ವರ್ಷ ಅಲ್ಲಿಯೇ ಫೀನಿಕ್ಸ್ ಬಡಾವಣೆಯ ಒಬ್ಬ ಹುಡುಗನ ಬಾನೆಟ್ಟು ಓಟದ ನಡುವೆ ಎದ್ದು ಮುಂದಿನ ಗಾಜಿಗೆ ಬಡಿಯಿತು. ದಾರಿ ಕಾಣದೆ ಅವನು ಗೋಡೆಗೆ ಗುದ್ದಿದ. ಅವನನ್ನು ಎಳೆದು ತೆಗೆದವರಲ್ಲಿ ದೊರಸಾಮಿಯೂ ಇದ್ದ. ಹುಡುಗ ಬದುಕಿದ, ಕಾಲು ಮಾತ್ರ ನೆಟ್ಟಗಾಗಲಿಲ್ಲ. ಬಾನೆಟ್ಟು ನಕಲಿಯಾಗಿತ್ತು: ಮೇಲೆ ಕಾರ್ಬನ್ ನಾರಿನ ಕಪ್ಪು ನೇಯ್ಗೆಯ ಒಂದೇ ಪದರ, ಒಳಗೆಲ್ಲ ಅಗ್ಗದ ಗಾಜಿನ ನಾರು.

ಆದ್ದರಿಂದ ಈ ವರ್ಷ ಲೋಶಿನಿ ತನ್ನ ತುಕ್ಕು ಹಿಡಿದ ಭಾರದ ಬಾನೆಟ್ಟನ್ನು ಕಿತ್ತು ಕಾರ್ಬನ್ನಿನದು ಹಾಕಿಸುತ್ತೇನೆ ಎಂದಾಗ ದೊರಸಾಮಿಗೆ ಆ ಹುಡುಗನ ಕಾಲು ನೆನಪಾಯಿತು. ಬೇಡ ಎಂದರೆ ಕೇಳುವವಳಲ್ಲ. ಯಾವುದಾದರೂ ತಗೋ, ಆದರೆ ನಾನು ನೋಡದೆ ಅದು ಗಾಡಿಯ ಮೇಲೆ ಕೂರಬಾರದು ಎಂದ.

ಮೊದಲು ಹೋದದ್ದು ಊರೊಳಗಿನ ದೊಡ್ಡ ಅಂಗಡಿಗೆ. ಕನ್ನಡಿಯಂತೆ ಹೊಳೆಯುವ ಬಾನೆಟ್ಟು ತಂದಿಟ್ಟು ಅಂಗಡಿಯವನು ಜಪಾನಿನದು ಎಂದ. ದೊರಸಾಮಿ ಒಂದು ಮೂಲೆಯನ್ನು ಉಗುರಿನಿಂದ ಕೆರೆದ. ನೇಯ್ಗೆ ಸಿಪ್ಪೆಯ ಹಾಗೆ ಸುಲಿದು ಬಂತು, ಅದು ಬರೀ ಅಂಟಿನ ಹಾಳೆ. ಮಗಳ ಕಡೆ ತಿರುಗಿ ಹುಬ್ಬು ಹಾರಿಸಿದ. ದಾರಿಯುದ್ದಕ್ಕೂ ಅವನ ಜಂಬ ಹೇಳತೀರದು.

ಆಮೇಲೆ ಲೋಶಿನಿ ತಾನೇ ಹುಡುಕಿದ್ದು ಇಸಿಪಿಂಗೋದ ಹಾರೂನ್ ಭಾಯಿಯನ್ನು. ಮನೆಯ ಹಿಂದಿನ ಶೆಡ್ಡಿನಲ್ಲಿ ಅಚ್ಚು ಇಟ್ಟುಕೊಂಡು ಬಾನೆಟ್ಟು ಮಾಡುವ ಮನುಷ್ಯ, ಮಾತು ಕಡಿಮೆ. ಅವಳು ನಾಲ್ಕಾರು ಸಲ ಹೋಗಿ, ಅವನು ಪದರ ಹಾಸುವುದನ್ನು ಕಣ್ಣಾರೆ ಕಂಡು, ಒಂದನ್ನು ಆರಿಸಿದ್ದಳು. ದೊರಸಾಮಿ ಎತ್ತಿ ನೋಡಿದ, ಹಗುರವಾಗಿತ್ತು. ನಾಣ್ಯದಿಂದ ಬಡಿದು ನೋಡಿದ, ಸದ್ದು ಸರಿಯಾಗಿತ್ತು. ಅಡಿಭಾಗ ತಿರುಗಿಸಿದರೆ ಪೂರ್ತಿ ಕಪ್ಪು ಬಣ್ಣ ಬಳಿದಿತ್ತು.

"ಇದ್ಯಾಕೆ ಭಾಯ್, ಕೆಳಗಡೆ ಮುಚ್ಚಿಟ್ಟಿದೀರಲ್ಲ?"

ಇಂಜಿನ್ನಿನ ಶಾಖಕ್ಕೆ ಅಂತ, ಎಲ್ಲದಕ್ಕೂ ಬಳಿಯುತ್ತೇನೆ ಎಂದ ಹಾರೂನ್. ಬೇಕಿದ್ದರೆ ಮನೆಗೆ ಒಯ್ದು ನೋಡಿ, ಶನಿವಾರ ನಾನೇ ಬಂದು ಬಾನೆಟ್ಟು ಬಿಗಿಯುವ ಪಿನ್ನು ಕೂರಿಸುತ್ತೇನೆ, ಒಪ್ಪದಿದ್ದರೆ ವಾಪಸ್ ಒಯ್ಯುತ್ತೇನೆ ಎಂದೂ ಹೇಳಿದ.

ಇಷ್ಟು ಸಲೀಸಾಗಿ ಒಪ್ಪಿದ್ದೇ ದೊರಸಾಮಿಗೆ ಸರಿಬರಲಿಲ್ಲ. ಕಳ್ಳತನ ಇಲ್ಲದವನು ಒಂದಿಷ್ಟಾದರೂ ಜಗಳವಾಡಬೇಕಿತ್ತು ಎಂಬುದು ಅವನ ಲೆಕ್ಕ. ಬಣ್ಣದ ಅಡಿಯಲ್ಲಿ ಏನಿದೆಯೋ, ಯಾರು ಕಂಡರು? ಊಟಕ್ಕೆ ಕೂತರೆ ಅದೇ ಯೋಚನೆ, ಬಸ್ಸಿನ ಸ್ಟೇರಿಂಗ್ ಹಿಡಿದರೂ ಅದೇ. ಕಡೆಗೆ ಶುಕ್ರವಾರ, ಮಗಳು ಕೆಲಸಕ್ಕೆ ಹೋಗಿದ್ದಾಗ, ಗ್ಯಾರೇಜಿನ ಬಾಗಿಲು ಹಾಕಿಕೊಂಡು ಡ್ರಿಲ್ ತೆಗೆದ. ಗಾಜಿನ ನಾರಾದರೆ ಪುಡಿ ಬಿಳಿ, ಅಸಲಿ ಕಾರ್ಬನ್ನಾದರೆ ಕಪ್ಪು. ಯಾರ ಕಣ್ಣಿಗೂ ಬೀಳದಿರಲಿ ಎಂದು ಮುಂಭಾಗದ ಅಂಚಿನ ಅಡಿಯಲ್ಲಿ, ಕೊಂಡಿ ಕೂರುವ ಜಾಗದ ಪಕ್ಕದಲ್ಲಿ, ಸಣ್ಣದೊಂದು ತೂತು ಹಾಕಿದ. ಬಣ್ಣ ದಾಟಿ ಒಳಕ್ಕೆ ಇಳಿದಂತೆಲ್ಲ ಪುಡಿ ಕಪ್ಪಾಗಿಯೇ ಉದುರಿತು.

ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಹಾರೂನ್ ಸಿಕ್ಕಿಬೀಳಲಿಲ್ಲವಲ್ಲ ಎಂದು ಒಳಗೊಳಗೇ ಸ್ವಲ್ಪ ಪೆಚ್ಚೂ ಆಯಿತು, ಅಂಥ ಮನುಷ್ಯ! ತೂತಿಗೆ ಅಂಟು ತುಂಬಿ, ಮೇಲೆ ಕಪ್ಪು ಬಣ್ಣ ಒತ್ತಿ, ಕೈ ತೊಳೆದುಕೊಂಡ.

ಶನಿವಾರ ಹಾರೂನ್ ಬಂದ. ಪಿನ್ನಿಗೆ ಜಾಗ ಗುರುತಿಸಲು ಬಾನೆಟ್ಟಿನ ಅಡಿಯಲ್ಲಿ ಕೈಯಾಡಿಸುತ್ತಿದ್ದವನ ಬೆರಳು ಅಂಚಿನ ಬಳಿ ನಿಂತುಬಿಟ್ಟಿತು. ಬಗ್ಗಿ ನೋಡಿದ, ಉಗುರಿನಿಂದ ಮೀಟಿದ. ಇಲ್ಲಿ ತೂತು ಹಾಕಿದವರು ಯಾರು ಎಂದು ಕೇಳಿದ.

ದೊರಸಾಮಿಯ ಬಾಯಿ ಅವನಿಗಿಂತ ಮುಂಚೆ ಓಡಿತು. "ನಮ್ಮನ್ನ ಕೇಳ್ತೀರಾ? ನಿಮ್ಮಲ್ಲಿಂದ ಬಂದದ್ದೇ ಹಾಗೆ."

ಲೋಶಿನಿ ಹಾರೂನನ ಮುಖ ನೋಡಿದಳು. ಅಪ್ಪ ಹೇಳುತ್ತಲೇ ಇದ್ದ, ತಾನೇ ನಂಬಲಿಲ್ಲ ಎಂಬಂಥ ನೋಟ. ಹಾರೂನ್ ವಾದಕ್ಕೆ ನಿಲ್ಲಲಿಲ್ಲ. ತಂದಿದ್ದ ಪಿನ್ನುಗಳನ್ನು ಒಂದೊಂದಾಗಿ ಮತ್ತೆ ಡಬ್ಬಿಗೆ ಹಾಕಿದ.

"ಯಾರಾದ್ರೂ ಹಾಕಿರಲಿ. ಇದನ್ನ ಮಾತ್ರ ಹಾಕ್ಕೊಂಡು ಓಡಬೇಡಮ್ಮ. ತೂತು ಕೊಂಡಿ ಪಕ್ಕದಲ್ಲಿದೆ. ಜೋರಲ್ಲಿ ಗಾಳಿ ಹೊಕ್ತು ಅಂದ್ರೆ ಅಲ್ಲಿಂದ್ಲೇ ಸೀಳುತ್ತೆ."

ದೊರಸಾಮಿಗೆ ಗೋಡೆಗೆ ಗುದ್ದಿ ನಿಂತಿದ್ದ, ಫೀನಿಕ್ಸ್ ಹುಡುಗನ ಕಾರು ಕಣ್ಣಿಗೆ ಕಟ್ಟಿತು. ಹಾರೂನನ ಬೆರಳು ಆ ಜಾಗದ ಮೇಲೆ ಹಾಯದೇ ಹೋಗಿದ್ದರೆ? ನಾಳೆ ಆ ಸೀಟಿನಲ್ಲಿ ಕೂರುವವಳು ಲೋಶಿನಿ.

"ನಾನೇ," ಎಂದ. "ನಿನ್ನೆ ಡ್ರಿಲ್ ಹಾಕಿ ನೋಡ್ದೆ."

ಹಾರೂನ್ ತಲೆ ಎತ್ತಿದ. "ಬಿಳಿ ಬಂತಾ, ಕಪ್ಪು ಬಂತಾ?"

"ಕಪ್ಪು."

ಸರಿ ಎಂದಷ್ಟೇ ಹೇಳಿ ಹಾರೂನ್ ಬಾನೆಟ್ಟನ್ನು ತನ್ನ ವ್ಯಾನಿಗೆ ಹೇರಿದ. ಅದೇ ಅಚ್ಚಿನದು ಇನ್ನೊಂದಿದೆ, ಶೆಡ್ಡಿಗೆ ಗಾಡಿ ತಂದರೆ ಈಗಲೇ ಕೂರಿಸಿಕೊಡುತ್ತೇನೆ ಎಂದು ಲೋಶಿನಿಗೆ ಹೇಳಿದ. ದೊರಸಾಮಿ ತಾನೂ ಚಪ್ಪಲಿ ಮೆಟ್ಟಿಕೊಂಡ.

"ನೀನು ಬರ್ಬೇಡಪ್ಪ," ಎಂದಳು ಮಗಳು. "ಡ್ರಿಲ್ ಹಾಕಿದ್ದಕ್ಕಲ್ಲ. ಮನುಷ್ಯ ಎದುರಿಗೆ ನಿಂತಿರೋವಾಗ ತಪ್ಪನ್ನ ಅವರ ತಲೆಗೇ ಕಟ್ಟಿದ್ಯಲ್ಲ. ನಾನೂ ನಂಬಿಬಿಟ್ಟಿದ್ದೆ."

ಕಾರು ಹೊಸ ಬಾನೆಟ್ಟಿನೊಂದಿಗೆ ಸಂಜೆ ಬಂತು. ದೊರಸಾಮಿ ಅದನ್ನು ಮುಟ್ಟಲಿಲ್ಲ, ಬಡಿಯಲಿಲ್ಲ.

ಓಟದ ಪಟ್ಟಿಯಲ್ಲಿ ಒಂದು ಪದ್ಧತಿಯುಂಟು. ಓಡಿಸುವವರು ಬೆಲ್ಟು ಬಿಗಿದು ಕೂತಿರುತ್ತಾರೆ. ಜೊತೆಗೆ ಬಂದವರು ಬಾನೆಟ್ಟು ಮುಚ್ಚಿ, ಪಿನ್ನು ಹಾಕಿ, ಕಾರಿನ ನೆತ್ತಿಯ ಮೇಲೆ ಅಂಗೈಯಿಂದ ಬಡಿಯುತ್ತಾರೆ. ಬಡಿದರೆಂದರೆ ಮುಗಿಯಿತು, ಓಡಿಸುವವರು ಹೊರಡುತ್ತಾರೆ. ಇಳಿದು ನೋಡುವುದೆಂದರೆ ಪಿನ್ನು ಹಾಕಿದವನ ಕೆನ್ನೆಗೆ ಹೊಡೆದಂತೆ. ಲೋಶಿನಿಯ ಕಾರಿಗೆ ಬಡಿಯುವ ಕೈ ಮೊದಲಿನಿಂದಲೂ ಅಪ್ಪನದೇ.

ಆ ಭಾನುವಾರವೂ ದೊರಸಾಮಿಯೇ ಮುಚ್ಚಿದ. ಪಿನ್ನುಗಳನ್ನು ಹಾಕಿ, ಎಳೆದು ನೋಡಿ, ನೆತ್ತಿಯ ಮೇಲೆ ಬಡಿದು ಹಿಂದೆ ಸರಿದ. ಕಾರು ಅಲ್ಲಾಡಲಿಲ್ಲ. ಬಾಗಿಲು ತೆರೆಯಿತು. ಲೋಶಿನಿ ಹೆಲ್ಮೆಟ್ಟಿನೊಂದಿಗೇ ಇಳಿದು, ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುವಂತೆಯೇ ಮುಂದಕ್ಕೆ ಬಂದಳು. ಒಂದೊಂದೇ ಪಿನ್ನನ್ನು ಹಿಡಿದು ಎಳೆದು ನೋಡಿದಳು. ಅಂಚಿನ ಅಡಿಗೆ ಬೆರಳು ಹಾಕಿ ಉದ್ದಕ್ಕೂ ತಡವಿದಳು. ಅಪ್ಪನ ಕಡೆ ನೋಡದೆ ಹೋಗಿ ಕೂತು, ಬೆಲ್ಟು ಬಿಗಿದುಕೊಂಡಳು.

ದೊರಸಾಮಿಯ ಅಂಗೈ ಇನ್ನೂ ಉರಿಯುತ್ತಿತ್ತು. ಮತ್ತೊಮ್ಮೆ ಬಡಿಯಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅವಳು ಹೊರಟುಬಿಟ್ಟಳು.