ರೀಡಿಂಗ್ ಹೊಂದಿಸಬೇಡಿ ಎನ್ನುವ ಸುನಂದ ಮೇಡಂ

ಶ್ರೀನಿವಾಸಪುರದ ಮೊದಲ ಬಸ್ಸಿಗೆ ಬಂದಿಳಿದ ಪ್ರೊಫೆಸರ್ ಸುನಂದ ಕೋಲಾರದ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಬೀಗ ತೆಗೆಯುವಾಗ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಇವತ್ತು ಪ್ರಾಕ್ಟಿಕಲ್ ಪರೀಕ್ಷೆ. ದ್ರಾವಣ ಅಳೆದು ಬಿಡುವ ಗಾಜಿನ ಕೊಳವೆಗಳಾದ ಬ್ಯೂರೆಟ್‌ಗಳನ್ನು ತೊಳೆದು ನಿಲ್ಲಿಸಿ, ಪರೀಕ್ಷೆಯ ಆಮ್ಲವನ್ನು ತಾವೇ ಒಮ್ಮೆ ಅಳೆದು ನೋಡುತ್ತಾರೆ. ಬ್ಯೂರೆಟ್‌ನಿಂದ ಹನ್ನೊಂದೂವರೆ ಮಿಲಿಲೀಟರ್ ಇಳಿದಾಗ ತಿಳಿ ಗುಲಾಬಿ ಬಣ್ಣ ಬರುತ್ತದೆ; ಅದೇ ಸರಿಯಾದ ಅಳತೆ. ಕೈ ಪಳಗಿದ್ದೇ, ಆದರೂ ಇನ್ನೊಮ್ಮೆ ಅಳೆಯುತ್ತಾರೆ. ಈ ಸಲವೂ ಅಂಕ ಇಳಿದರೆ ನಿಮ್ಮ ಹೊಸ ಪಾಠದ ಕ್ರಮ ಬಂದ್ ಎಂದು ವಿಭಾಗದ ಮುಖ್ಯಸ್ಥ ಅಮರನಾಥ್ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾರೆ.

ಲ್ಯಾಬ್‌ಗಳಲ್ಲಿ ‘ರೀಡಿಂಗ್ ಹೊಂದಿಸುವುದು’ ಹಳೇ ಚಾಳಿ. ಸೀನಿಯರ್‌ಗಳಿಂದ ಮೊದಲು ಉತ್ತರ ತಿಳಿದುಕೊಂಡು, ಆಮೇಲೆ ಅದಕ್ಕೆ ತಕ್ಕ ಅಳತೆ ಬರೆಯುವುದು. ಎಲ್ಲ ಮೇಷ್ಟ್ರುಗಳೂ ಬೈಯುತ್ತಾರೆ, ಎಲ್ಲರೂ ಕಣ್ಣು ಮುಚ್ಚಿಕೊಂಡು ಸಹಿಯನ್ನೂ ಹಾಕುತ್ತಾರೆ. ಸುನಂದ ಅದನ್ನೇ ಸಂಶೋಧನೆಗೆ ಎತ್ತಿಕೊಂಡರು. ಯಾಕೆ ಹೀಗೆ ಮಾಡ್ತೀರಿ ಎಂದು ವಿದ್ಯಾರ್ಥಿಗಳಿಂದಲೇ ವಿದ್ಯಾರ್ಥಿಗಳನ್ನು ಕೇಳಿಸಿದರು. ಅವರಿಗೆ ಸಿಕ್ಕ ಉತ್ತರ ಸೋಮಾರಿತನವಲ್ಲ, ಹೆದರಿಕೆ.

“ಪಾಪ, ತಮ್ ಕೈ ತಪ್ಪು, ಪಕ್ಕದವರ ಕೈ ಸರಿ ಅಂತ್ಲೇ ಅಂದ್ಕೊಂಡಿರ್ತಾರೆ” ಅನ್ನುತ್ತಾರೆ ಸುನಂದ.

ಅಂದಿನಿಂದ ಅವರ ತರಗತಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ದ್ರಾವಣ. ಕದ್ದು ನೋಡಿ ಪ್ರಯೋಜನವಿಲ್ಲ. ಅಳತೆ ತಪ್ಪಿದರೂ, ಯಾಕೆ ತಪ್ಪಿತೆಂದು ಬರೆದವರಿಗೆ ಅಂಕ ಉಂಟು. ಕನ್ನಡದಲ್ಲಿ ತಲೆಗೆ ಹೋಗದಿದ್ದರೆ ತೆಲುಗಿನಲ್ಲಿ ಇನ್ನೊಮ್ಮೆ ಹೇಳುತ್ತಾರೆ.

ಪರೀಕ್ಷೆಯಲ್ಲಿ ಮಾತ್ರ ಅವರ ಆಟ ನಡೆಯದು. ಹೊರಗಿನಿಂದ ಬಂದ ಪರೀಕ್ಷಕರ ಎದುರು ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ದ್ರಾವಣ ಕೊಡಬೇಕು. ಮಾಲೂರಿನಿಂದ ಬರುವ ಕದಿರೇಶ ಎಲ್ಲರಿಗಿಂತ ಮೊದಲು ಮುಗಿಸುತ್ತಾನೆ. ಅವನ ಫ್ಲಾಸ್ಕು ಬೀಟ್‌ರೂಟ್ ಬಣ್ಣಕ್ಕೆ ತಿರುಗಿದೆ, ಅಂದರೆ ಹನಿ ಜಾಸ್ತಿ ಬಿದ್ದಿದೆ. ಅದು ಗೊತ್ತಿಲ್ಲದೆ ಅವನು ಬೆನ್ನ ಹಿಂದೆ ಬೆರಳು ತೋರಿಸುತ್ತಾನೆ: ಒಂದು, ಆಮೇಲೆ ಮೂರು. ಸುನಂದ ಹೋಗಿ ಗದರುವಷ್ಟರಲ್ಲಿ ಹದಿಮೂರು ಎಂಬ ಸುದ್ದಿ ಕೊನೆಯ ಬೆಂಚಿಗೂ ಮುಟ್ಟಿದೆ. ಅದು ತಪ್ಪೆಂದು ಹೇಳುವಂತಿಲ್ಲ. ಹೇಳಿದರೆ ಉತ್ತರ ಹೇಳಿಕೊಟ್ಟಂತೆ. ಕಣ್ಣೆದುರೇ ಒಬ್ಬೊಬ್ಬರಾಗಿ ತಮ್ಮ ಅಳತೆ ಅಳಿಸಿ ಹದಿಮೂರು ಬರೆಯುತ್ತಾರೆ. 

ಕಿಟಕಿ ಪಕ್ಕದಲ್ಲಿ ಆವನಿ ಊರಿನ ಧನಶ್ರೀ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಹನ್ನೊಂದೂವರೆ ಎಂದು ಬರೆದುಕೊಂಡಿದ್ದಾಳೆ. ಸುತ್ತ ನೋಡಿ ರಬ್ಬರು ಕೈಗೆತ್ತಿಕೊಳ್ಳುತ್ತಾಳೆ. ಸುನಂದ ನೋಡುತ್ತಾ ನಿಲ್ಲುತ್ತಾರೆ. ಧನಶ್ರೀ ರಬ್ಬರು ಕೆಳಗಿಟ್ಟು, ಬ್ಯೂರೆಟ್ ಮತ್ತೆ ತುಂಬಿ, ಹನಿಹನಿಯಾಗಿ ಬಿಡುತ್ತಾಳೆ. ಆಮೇಲೆ ಅದೇ ಹನ್ನೊಂದೂವರೆಯನ್ನು ಪೆನ್ನಿನಲ್ಲಿ ಬರೆಯುತ್ತಾಳೆ.

“ಎಲ್ರೂ ಹದಿಮೂರು ಅಂದಾಗ ಕೈಕಾಲೇ ಆಡ್ಲಿಲ್ಲ. ಇನ್ನೊಂದ್ಸಲ ಮಾಡ್ದೆ, ಅದೇ ಬಂತು. ಬಂದಿದ್ ಬಿಟ್ಟು ಬೇರೇದ್ ಹೆಂಗ್ ಬರೀಲಿ?” ಎಂದು ಆಮೇಲೆ ಹೇಳುತ್ತಾಳೆ.

ಬೆರಳು ತೋರಿಸಿದ್ದು ತಪ್ಪೆಂದು ಕದಿರೇಶ ತಲೆ ತಗ್ಗಿಸಿಕೊಂಡು ಬಂದು ಒಪ್ಪಿಕೊಳ್ಳುತ್ತಾನೆ. ಆದರೆ ಹದಿಮೂರು ಬರೆದವರ ಅಂಕ ಇಳಿದದ್ದು ಇಳಿದದ್ದೇ. ಸಂಜೆ ಅಮರನಾಥ್ ಅಂಕಪಟ್ಟಿಯನ್ನು ಮುಂದೆ ತಳ್ಳಿ, ಇನ್ನೇನು ಹೇಳುತ್ತೀರಿ ಎಂದು ಕೇಳುತ್ತಾರೆ. ಸುನಂದ ಕೂರುವುದೂ ಇಲ್ಲ.

“ಹೋದ್ ವರ್ಷ ಎಲ್ರೂ ಅಳಿಸಿದ್ರು ಸಾರ್. ಈ ವರ್ಷ ಒಬ್ಳು ಅಳಿಸ್ಲಿಲ್ಲ. ಇನ್ನೊಂದ್ ವರ್ಷ ಕೊಡಿ.”